ಕಿರಿಯ ಯಂತ್ರ, ಹಿರಿಯ ಕೆಲಸ

(ಸಂಘದ ವಾರ್ಷಿಕ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಶಾಲೆಯ ಕಚೇರಿಯ ಕೆಲಸವನ್ನು ಗಣಕಯಂತ್ರಕ್ಕೆ ಒಪ್ಪಿಸುವಾಗ ಅನುಸರಿಸತಕ್ಕ ಮಿತವ್ಯಯವನ್ನು ಕುರಿತು ನಾಲ್ಕು ಮಾತುಗಳನ್ನು ಅರಿಕೆ ಮಾಡಿಕೊಳ್ಳಲು ಬಯಸುತ್ತೇವೆ. ಇದು ಹಣದ ಮಿತವ್ಯಯವಷ್ಟೇ ಅಲ್ಲ; ಯಂತ್ರದ ಸ್ಮೃತಿಯ, ಎಂದರೆ ಮೆಮೊರಿಯ ಮಿತವ್ಯಯ.

ವಿದ್ಯಾರ್ಥಿವೇತನದ ಅರ್ಜಿಗಳನ್ನು ಕಳುಹಿಸುವುದು, ಪೋಷಕರಿಗೆ ಪತ್ರ ಬರೆಯುವುದು, ದಾನಿಗಳಿಗೆ ರಶೀದಿ ಕೊಡುವುದು, ಇವೆಲ್ಲ ವರ್ಷವರ್ಷವೂ ಮರಳಿ ಬರುವ ಕೆಲಸಗಳು. ಇಂಥವನ್ನು ಹೆಚ್ಚಿನ ಪ್ರೋಗ್ರಾಂ ಬರೆಯದೆ, ಪರದೆಯ ಮೇಲೆ ಚೌಕಗಳನ್ನಿಟ್ಟು ಗೆರೆಗಳಿಂದ ಕೂಡಿಸಿ ನಡೆಯಿಸುವ ಲೋ-ಕೋಡ್ ಉಪಕರಣಗಳು ಈಗ ಹಲವುಂಟು. ಅವುಗಳಲ್ಲಿ ಎನ್‌ಏಟ್‌ಎನ್ ಎಂಬುದೊಂದು. 2019ರಲ್ಲಿ ಬರ್ಲಿನ್ ನಗರದಲ್ಲಿ ಯಾನ್ ಓಬರ್‌ಹೌಸರ್ ಎಂಬವರು ಇದನ್ನು ಹೊರತಂದರು. ಸ್ವಂತ ಯಂತ್ರದಲ್ಲಿಯೇ ಇದನ್ನು ಸ್ಥಾಪಿಸಿಕೊಳ್ಳಬಹುದಾದುದರಿಂದ ನಮ್ಮಂಥ ಬಡ ಸಂಸ್ಥೆಗಳಿಗೂ ಇದು ಎಟಕುತ್ತದೆ.

ಯಂತ್ರದ ಸ್ಮೃತಿಯನ್ನು ಗುಮಾಸ್ತರ ಮೇಜಿಗೆ ಹೋಲಿಸಬಹುದು. ಡಿಸ್ಕು ಗೋಡೆಯ ಬದಿಯ ಕಪಾಟು. ಕಪಾಟು ದೊಡ್ಡದು, ಮೇಜು ಚಿಕ್ಕದು. ಕಪಾಟಿನಲ್ಲಿರುವುದನ್ನೆಲ್ಲ ಒಮ್ಮೆಗೇ ಮೇಜಿನ ಮೇಲೆ ಸುರುವಿದರೆ ಕೆಲಸವೇ ನಿಲ್ಲುತ್ತದೆ.

ಒಂದು ಲೆಕ್ಕವನ್ನು ನೋಡೋಣ. 800 ಮಕ್ಕಳ ಅರ್ಜಿಗಳಿವೆಯೆಂದೂ, ಒಂದೊಂದಕ್ಕೆ 2 ಮೆಗಾಬೈಟಿನ ಭಾವಚಿತ್ರವಿದೆಯೆಂದೂ ಭಾವಿಸೋಣ. ಒಟ್ಟು 1,600 ಮೆಗಾಬೈಟ್ ಆಯಿತು. ಚಿತ್ರವನ್ನು ಅಕ್ಷರರೂಪಕ್ಕೆ ತರುವ ಬೇಸ್-64 ಪದ್ಧತಿಯಲ್ಲಿ 3 ಬೈಟುಗಳು 4 ಆಗುವುದರಿಂದ ಮೊತ್ತವು 2,100ನ್ನು ಮೀರುತ್ತದೆ. 1,024 ಮೆಗಾಬೈಟ್ ಸ್ಮೃತಿಯ ಯಂತ್ರ ಇದನ್ನು ಹೊರಲಾರದು. ಅದೇ ಅರ್ಜಿಗಳನ್ನು 20ರಂತೆ 40 ಕಂತುಗಳಲ್ಲಿ ನಡೆಯಿಸಿದರೆ ಒಂದು ಸಲಕ್ಕೆ ಬೇಕಾಗುವುದು ಸುಮಾರು 53 ಮೆಗಾಬೈಟ್ ಮಾತ್ರ. ಹೊಸ ಯಂತ್ರವನ್ನು ಕೊಳ್ಳುವ ಮೊದಲು ಈ ಭಾಗಾಕಾರವನ್ನು ಮಾಡತಕ್ಕದ್ದು.

ಇನ್ನು ನಿಯಮಗಳು. ಮೊದಲನೆಯದಾಗಿ, ಬೇಕಾದುದನ್ನು ಮೂಲದಲ್ಲಿಯೇ ಆರಿಸಿ ತರಬೇಕು. ಪತ್ರಕ್ಕೆ ಹೆಸರು, ತರಗತಿ, ವಿಳಾಸ ಸಾಕಾಗಿರುವಾಗ ದಾಖಲೆಯ ಎಲ್ಲ ಅಂಕಣಗಳನ್ನೂ ತಂದು, ಮುಂದಿನ ಚೌಕದಲ್ಲಿ ಕಳೆದುಹಾಕುವುದರಿಂದ ಪ್ರಯೋಜನವಿಲ್ಲ. ಈ ಉಪಕರಣವು ಪ್ರತಿಯೊಂದು ಚೌಕದ ಫಲಿತಾಂಶವನ್ನೂ ಆ ಓಟ ಮುಗಿಯುವವರೆಗೆ ಇಟ್ಟುಕೊಂಡಿರುತ್ತದೆ. ಹಿಂದಿನ ಹೊರೆ ಕಣ್ಣಿಗೆ ಮರೆಯಾದೀತೇ ಹೊರತು ಇಳಿಯದು. ತಾರದಿದ್ದ ವಿವರ ಪರರ ಕೈಸೇರದೆಂಬುದು ಇದರಿಂದಾಗುವ ಇನ್ನೊಂದು ಲಾಭ.

ಎರಡನೆಯದಾಗಿ, ಕಂತು ಮಾಡಿದರಷ್ಟೇ ಸಾಲದು. ಒಂದೇ ಕಾರ್ಯಸರಣಿಯೊಳಗೆ ಕಂತುಗಳನ್ನು ಸುತ್ತಿಸಿದರೆ, ಮುಗಿದ ಕಂತುಗಳ ಫಲಿತಾಂಶಗಳೂ ಮೇಜಿನ ಮೇಲೆಯೇ ಉಳಿಯುತ್ತವೆ. ಆದಕಾರಣ ಪ್ರತಿಯೊಂದು ಕಂತನ್ನೂ ಬೇರೊಂದು ಉಪಸರಣಿಗೆ ಒಪ್ಪಿಸಬೇಕು. ಮುಖ್ಯಸರಣಿ ಕ್ರಮಸಂಖ್ಯೆಗಳನ್ನಷ್ಟೇ ಕೊಡಲಿ. ಉಪಸರಣಿ ವಿವರಗಳನ್ನು ತಾನೇ ತೆಗೆದುಕೊಂಡು, ಕೆಲಸ ಮುಗಿಸಿ, "20 ಆಯಿತು" ಎಂಬ ಒಂದು ಉತ್ತರವನ್ನು ಮಾತ್ರ ಮರಳಿಸಲಿ. ಅದು ಮುಗಿದೊಡನೆ ಅದರ ಸ್ಮೃತಿ ಬಿಡುವಾಗುತ್ತದೆ.

ಮೂರನೆಯದಾಗಿ, ಚಿತ್ರಗಳನ್ನೂ ಕಡತಗಳನ್ನೂ ಡಿಸ್ಕಿನಲ್ಲಿಯೇ ಇಟ್ಟು ನಡೆಯಿಸುವ ಏರ್ಪಾಡುಂಟು, ಅದನ್ನು ಬಳಸಿಕೊಳ್ಳಬೇಕು. ಅಲ್ಲದೆ, ಪರದೆಯ ಮುಂದೆ ಕುಳಿತು ಕೈಯಾರೆ ಓಡಿಸುವಾಗ, ತೋರಿಸುವುದಕ್ಕಾಗಿ ದತ್ತಾಂಶದ ಇನ್ನೊಂದು ಪ್ರತಿ ಸಿದ್ಧವಾಗುತ್ತದೆ. ಆದ್ದರಿಂದ 5 ಅರ್ಜಿಗಳಲ್ಲಿ ಪರೀಕ್ಷೆ ಮಾಡಿ, ಪೂರ್ಣ ಕೆಲಸವನ್ನು ನಿಗದಿಯಾದ ವೇಳೆಗೆ ತಾನಾಗಿ ನಡೆಯಲು ಬಿಡುವುದು ಮೇಲು.

ನಾಲ್ಕನೆಯ ನಿಯಮವೇ ಎಲ್ಲಕ್ಕಿಂತ ಮುಖ್ಯ. ಪ್ರತಿಯೊಂದು ಅರ್ಜಿಯ ಎದುರಿಗೂ ಕೈಹಚ್ಚುವಾಗ "ಆರಂಭ" ಎಂದೂ, ಕಳುಹಿಸಿದ ತರುವಾಯ "ಮುಕ್ತಾಯ" ಎಂದೂ ಬರೆಯಿಸಬೇಕು. ಯಂತ್ರ ನಡುವೆ ನಿಂತರೆ, ಆರಂಭವಾಗಿ ಮುಗಿಯದ ಕೆಲವನ್ನು ಮಾತ್ರ ನಾವು ಪರಿಶೀಲಿಸಿದರೆ ಸಾಕು. ಉಳಿದವು ಅಲ್ಲಿಂದ ಮುಂದೆ ಸಾಗುತ್ತವೆ. ಈ ಗುರುತಿಲ್ಲದಿದ್ದರೆ ಯಾರದು ಹೋಯಿತು, ಯಾರದು ಉಳಿಯಿತು ಎಂಬುದೇ ತಿಳಿಯದು. ಸ್ಮೃತಿ ತುಂಬಿ ನಿಂತ ಯಂತ್ರವನ್ನು ಮತ್ತೆ ಚಾಲೂ ಮಾಡಬಹುದು. ಅರ್ಜಿಯ ಕೊನೆಯ ದಿನವನ್ನು ಮರಳಿ ತರಲಾಗದು. ಅಕಾರಾದಿಯ ಪಟ್ಟಿಯಲ್ಲಿ ಹಕಾರದ ಹೆಸರಿನವಳಾದ ಕಾರಣಕ್ಕೆ, ಬೀಡಿ ಕಟ್ಟಿ ಮನೆ ನಡೆಯಿಸುವ ತಾಯಿಯ ಮಗಳೊಬ್ಬಳು ವಿದ್ಯಾರ್ಥಿವೇತನದಿಂದ ವಂಚಿತಳಾಗಬೇಕೇ?

ಇಲ್ಲಿ ಭಾಷೆಯ ಸಂಗತಿಯೊಂದುಂಟು. ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಅಕ್ಷರಕ್ಕೆ 1 ಬೈಟ್, ಕನ್ನಡದ ಪ್ರತಿಯೊಂದು ಸಂಕೇತಕ್ಕೆ 3 ಬೈಟ್ ಬೇಕು. "ಕನ್ನಡ" ಎಂಬ ಪದಕ್ಕೆ, ಒತ್ತಕ್ಷರವನ್ನು ಕೂಡಿಸುವ ಚಿಹ್ನೆಯೂ ಸೇರಿ 5 ಸಂಕೇತಗಳು, 15 ಬೈಟುಗಳು. ಹಾಗಾದರೆ ಮಿತವ್ಯಯಕ್ಕಾಗಿ ಮಕ್ಕಳ ಹೆಸರುಗಳನ್ನು ರೋಮನ್ ಲಿಪಿಗೆ ತಿರುಗಿಸೋಣವೇ ಎಂದು ಯಾರಾದರೂ ಕೇಳಬಹುದು. ಬೇಕಾಗಿಲ್ಲ. ಹೆಸರೊಂದಕ್ಕೆ 60 ಬೈಟ್ ಹಿಡಿದರೂ 800 ಹೆಸರುಗಳಿಗೆ 48,000 ಬೈಟ್. 20 ಲಕ್ಷ ಬೈಟಿನ ಒಂದೇ ಒಂದು ಭಾವಚಿತ್ರ ಇದರ 40 ಪಟ್ಟಿಗಿಂತ ಹೆಚ್ಚು. ಯಂತ್ರಕ್ಕೆ ಭಾರವಾಗುವುದು ಕನ್ನಡವಲ್ಲ, ನಮ್ಮ ಅಜಾಗರೂಕತೆ. ಕಚೇರಿಗಳಿಂದ ಬರುವ ಕಾಗದಗಳು ಅನ್ಯಭಾಷೆಯಲ್ಲಿರುವ ಈ ಗಡಿನಾಡಿನಲ್ಲಿ, ನಮ್ಮ ಮಗುವಿನ ಹೆಸರು ನಮ್ಮ ದಾಖಲೆಯಲ್ಲಾದರೂ ಕನ್ನಡದಲ್ಲಿಯೇ ಇರಲಿ.

ಸ್ಮೃತಿಯನ್ನು ಹೆಚ್ಚಿಸಬಾರದೆಂದು ನಮ್ಮ ವಾದವಲ್ಲ. ಆದರೆ ಕ್ರಮ ತಪ್ಪಿದ ಕೆಲಸಕ್ಕೆ ಇಮ್ಮಡಿ ಸ್ಮೃತಿ ಕೊಟ್ಟರೂ, ದಾಖಲೆ ಇಮ್ಮಡಿಯಾದ ದಿನ ಅದೇ ಸಂಕಟ ಬಾಗಿಲಿಗೆ ಬರುತ್ತದೆ. ಹಾಗೆ ಉಳಿದ ಹಣದಿಂದ ವಾಚನಾಲಯಕ್ಕೆ ಪುಸ್ತಕ ಬಂದೀತು. ಈ ಬೇಸಗೆ ರಜೆಯಲ್ಲಿ ಅಧ್ಯಾಪಕರೂ ಹಿರಿಯ ವಿದ್ಯಾರ್ಥಿಗಳೂ ಕೂಡಿ, ಮೊದಲು ಕಾಗದದ ಮೇಲೆ ಕಾರ್ಯಸರಣಿಯನ್ನು ಬರೆದು, ಪ್ರತಿ ಚೌಕದ ಕೆಳಗೆ "ಇಲ್ಲಿಗೆ ಏನು ಬೇಕು?" ಎಂಬ ಪ್ರಶ್ನೆಗೆ ಉತ್ತರ ಬರೆಯಬೇಕೆಂದು ಪ್ರಾರ್ಥಿಸುತ್ತೇವೆ.