ಮುಂದೊಗಲಿನ ಬಿಗಿತಕ್ಕೆ ಸುನ್ನತಿಯೊಂದೇ ದಾರಿಯಲ್ಲ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ದಂಪತಿಗಳೇ,

ಕೆಲವು ಗಂಡಸರಲ್ಲಿ ಶಿಶ್ನದ ಮುಂದೊಗಲು ಬಿಗಿಯಾಗಿದ್ದು ಹಿಂದೆ ಸರಿಯುವುದಿಲ್ಲ. ಸಮಾಗಮದಲ್ಲಿ ನೋವು, ಚರ್ಮದಲ್ಲಿ ಬಿರುಕು ಉಂಟಾಗುತ್ತವೆ. ಗಂಡನು ನಾಚಿ ದೂರವಾದರೆ ಹೆಂಡತಿಯು ತನ್ನ ಮೇಲೆ ಬೇಸರವೆಂದು ಭಾವಿಸಿಯಾಳು. ಇದು ಇಬ್ಬರ ದೋಷವೂ ಅಲ್ಲ, ಚಿಕಿತ್ಸೆಯುಳ್ಳ ತೊಂದರೆ.

ಸುನ್ನತಿಗೆ ಹೆದರಿ ರೋಗವನ್ನು ಮುಚ್ಚಿಡಬೇಡಿರಿ. ವೈದ್ಯರು ಬರೆದುಕೊಟ್ಟ ಸ್ಟೀರಾಯ್ಡ್ ಮುಲಾಮನ್ನು 4ರಿಂದ 8 ವಾರ ಹಚ್ಚಿ, ನೋವಾಗದಂತೆ ಚರ್ಮವನ್ನು ಮೆಲ್ಲನೆ ಸಡಿಲಿಸುತ್ತ ಬಂದರೆ ಅನೇಕರಿಗೆ ಗುಣವಾಗುತ್ತದೆ. ಆಗದಿದ್ದರೆ, ಮುಂದೊಗಲನ್ನು ಉಳಿಸಿಯೇ ಬಿಗಿಯನ್ನು ಬಿಡಿಸುವ ಚಿಕ್ಕ ಶಸ್ತ್ರಕ್ರಿಯೆಯೂ ಉಂಟು. ಚರ್ಮವು ಬೆಳ್ಳಗಾಗಿ ಗಡುಸಾಗಿದ್ದರೆ ಸುನ್ನತಿಯೇ ಮೇಲೆನಿಸಬಹುದು. ನಡುವಯಸ್ಸಿನಲ್ಲಿ ಹೊಸದಾಗಿ ಬಿಗಿತ ಕಂಡರೆ ಸಕ್ಕರೆ ಕಾಯಿಲೆಯ ಪರೀಕ್ಷೆಯನ್ನೂ ಮಾಡಿಸಿರಿ.

ಮೊದಲು ನಿಮ್ಮ ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಗೆ ಹೋಗಿರಿ. "ಕತ್ತರಿಸದೆ ಗುಣಪಡಿಸಬಹುದೇ?" ಎಂದು ಸಂಕೋಚವಿಲ್ಲದೆ ಕೇಳಿರಿ, ಕೇಳುವುದು ನಿಮ್ಮ ಹಕ್ಕು. ಸಂದೇಹ ಉಳಿದರೆ, ಹುಬ್ಬಳ್ಳಿಯಲ್ಲಿ ಕಿಮ್ಸ್ ಎಂದು ಪರಿಚಿತವಾದ ಸರ್ಕಾರಿ ಆಸ್ಪತ್ರೆಯ ಮೂತ್ರರೋಗ ತಜ್ಞರಿಗೆ ಚೀಟಿ ಬರೆಸಿಕೊಳ್ಳಿರಿ.

ಬಲವಂತದಿಂದ ಎಳೆಯಬೇಡಿರಿ. ಹಿಂದೆ ಸರಿದ ಚರ್ಮವು ಮರಳದೆ ಊದಿಕೊಂಡರೆ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಯನ್ನು ಸೇರಿರಿ.

ಪತಿಪತ್ನಿಯರು ಕೂಡಿ ಬಂದು ವೈದ್ಯರ ಮಾತನ್ನು ಕೇಳಿದರೆ ಅರ್ಧ ಭಯ ಅಲ್ಲಿಯೇ ಕಳೆಯುವುದು.