ಹಗುರ ಗೋಡೆ ಕಲಿಸುವ ಪಾಠ



ಅಮೆರಿಕದಲ್ಲಿ ಕೆಲವರು ಕಾರಿನ ಹಿಂದೆ ಎಳೆದೊಯ್ಯುವ, ಇಬ್ಬರು ಮಲಗುವಷ್ಟು ಪುಟ್ಟ ಟ್ರೇಲರನ್ನು ಮನೆಯಲ್ಲೇ ಕಟ್ಟಿಕೊಳ್ಳುತ್ತಾರೆ. ಅದರ ಗೋಡೆ, ಛಾವಣಿಗೆ ಥರ್ಮೋಕೋಲಿನ ಜಾತಿಯದೇ ಆದ, ಅದಕ್ಕಿಂತ ಗಟ್ಟಿಯಾದ ಫೋಮ್ ಹಲಗೆ. ಒಂದು ಘನ ಮೀಟರ್ ಪ್ಲೈವುಡ್ ಸುಮಾರು 600 ಕಿಲೋ ತೂಗಿದರೆ ಈ ಫೋಮ್ ಸುಮಾರು 30 ಕಿಲೋ ಮಾತ್ರ.

ಇಷ್ಟು ಹಗುರವಾದದ್ದು ಗಾಳಿಗೆ ನಿಲ್ಲುವುದು ಹೇಗೆ? ಹಲಗೆಯ ಎರಡೂ ಬದಿಗೆ ಕ್ಯಾನ್ವಾಸ್ ಬಟ್ಟೆಯನ್ನು ಮರದ ಅಂಟಿನಿಂದ ಅಂಟಿಸಿ, ಬಣ್ಣ ಬಳಿಯುತ್ತಾರೆ. ಗೋಡೆ ಬಾಗಹೊರಟರೆ ಹೊರಪದರಗಳು ಎಳೆತ, ಒತ್ತಡಗಳನ್ನು ತಡೆಯುತ್ತವೆ. ನಡುವಿನ ಫೋಮ್ ಅವನ್ನು ದೂರ ಹಿಡಿದಿಡುತ್ತದೆ. 1940ರಲ್ಲಿ ಮೊದಲು ಹಾರಿದ ಬ್ರಿಟನ್ನಿನ ಮಸ್ಕಿಟೊ ವಿಮಾನದ ಒಡಲೂ ಇದೇ ತತ್ವದ್ದು: ನಡುವೆ ಬಾಲ್ಸಾ ಮರ, ಎರಡೂ ಬದಿಗೆ ತೆಳು ಪ್ಲೈವುಡ್.

ಆದರೆ ಅಂಟು ಬಿಟ್ಟರೆ ಬಲವೂ ಹೋಯಿತು. ಪೆಟ್ರೋಲಿನಂಥ ದ್ರಾವಕವಿರುವ ಅಂಟು ಫೋಮನ್ನೇ ಕರಗಿಸುತ್ತದೆ. ಫೋಮಿಗೆ ಬೆಂಕಿ ಹತ್ತಿದರೆ ವಿಷದ ಹೊಗೆ. ಆದ್ದರಿಂದ ಒಲೆ ಎಂದೆಂದೂ ಹೊರಗಿರಬೇಕು.

ವಿದ್ಯಾರ್ಥಿಗಳೇ, ನಾವು ಅಂಕಗಳಿಗಾಗಿ ಬಾಯಿಪಾಠ ಮಾಡುವ ಭೌತ, ರಸಾಯನ ಶಾಸ್ತ್ರಗಳ ಮೇಲೆ ಇಲ್ಲಿ ಒಳಗೆ ಮಲಗಿದವರ ಜೀವವೇ ನಿಂತಿದೆ. ಓದಿದ್ದನ್ನು ಮೊದಲು ಒಂದು ಸಣ್ಣ ತುಂಡಿನ ಮೇಲೆ ಕೈಯಾರೆ ಪರೀಕ್ಷಿಸಿ ನೋಡಿ, ಕಟ್ಟುವುದು ಆಮೇಲೆ.