ಸೌರ ವಿದ್ಯುತ್ತಿನ ಜಮೆ ಮತ್ತು ಬೇಡಿಕೆ ಶುಲ್ಕ: ಸಾರಥಿ ಉಪನ್ಯಾಸದ ಪಠ್ಯ



ಚಾವಣಿಗೆ ಸೌರ ಫಲಕ ಕೂರಿಸಿದರೆ ಬೆಸ್ಕಾಂ ಬಿಲ್ಲು ಶೂನ್ಯವಾಗುವುದೆಂದು ನಂಬಿ ಹರಿಹರದ ಕಡೆಯ ಅಕ್ಕಿ ಗಿರಣಿಯವರು ಸಾಲಕ್ಕೆ ಮುಂದಾಗುವುದುಂಟು. ಬಿಲ್ಲಿನಲ್ಲಿರುವುದು ಎರಡು ಲೆಕ್ಕ. ಗ್ರಿಡ್‌ಗೆ ಹರಿದ ಯೂನಿಟ್‌ಗಳು ಇಳಿಸುವುದು ಬಳಕೆಯ ಲೆಕ್ಕವನ್ನು ಮಾತ್ರ. ಅದನ್ನೂ ಮೀರಿ ಉಳಿದುದಕ್ಕೆ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಗೊತ್ತುಪಡಿಸಿದ ದರವಷ್ಟೇ ದೊರೆಯುತ್ತದೆ.

ಬೇಡಿಕೆ ಶುಲ್ಕದ ದಾರಿ ಬೇರೆ. ಎಚ್.ಟಿ. ಸಂಪರ್ಕದ ಮೀಟರ್ ಪ್ರತಿ 15 ನಿಮಿಷದ ಸರಾಸರಿ ಹೊರೆಯನ್ನು ಅಳೆದು, ತಿಂಗಳ ಗರಿಷ್ಠವನ್ನು ಹಿಡಿದಿಡುತ್ತದೆ. ಹಗಲೆಲ್ಲ ಬಿಸಿಲು ಕಾದಿದ್ದರೂ, ಸಂಜೆ 7ಕ್ಕೆ ಎಲ್ಲ ಮೋಟಾರುಗಳೂ ಒಟ್ಟಿಗೆ ಓಡಿದರೆ ಆ ಕಾಲು ಗಂಟೆಯೇ ಇಡೀ ತಿಂಗಳ ಶುಲ್ಕವನ್ನು ಏರಿಸಬಲ್ಲದು. ಒಪ್ಪಂದದ ಪ್ರಮಾಣ ಮೀರಿದಷ್ಟಕ್ಕೆ ದುಪ್ಪಟ್ಟು ದರ. ಆದುದರಿಂದ ಸಾಲದ ಅರ್ಜಿಗೆ ಮೊದಲು ಹಿಂದಿನ 12 ಬಿಲ್ಲುಗಳ ಗರಿಷ್ಠ ಬೇಡಿಕೆಯನ್ನು ನೋಡುವಂತೆ ಸದಸ್ಯರು ತಿಳಿಹೇಳುವುದು ಲೇಸು. ನೀರೆತ್ತುವ ಮೋಟಾರನ್ನು ಗಿರಣಿ ನಿಂತ ಮೇಲೆ ನಡೆಸಲು ಫಲಕವೇನೂ ಬೇಕಿಲ್ಲ.